ಅಠಾರಾ ಕಚೇರಿ: ಮೈಸೂರು ಸಂಸ್ಥಾನದ ಆಡಳಿತದಲ್ಲಿ ಹೊಸ ಕಟ್ಟಳೆಯೂ ಹಳೆಯ ರೂಢಿಯೂ

ಬೆಂಗಳೂರಿನ ಕಬ್ಬನ್ ಉದ್ಯಾನದ ಮಗ್ಗುಲಲ್ಲಿ, ವಿಧಾನಸೌಧಕ್ಕೆ ಎದುರಾಗಿ, ಕೆಂಪು ಬಣ್ಣದ ಎರಡಂತಸ್ತಿನ ನೀಳವಾದ ಭವನವೊಂದಿದೆ. ಇಂದು ಅಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ನಡೆಯುತ್ತಿರುವುದು. ಜನರು ಅದನ್ನು ಅಠಾರಾ ಕಚೇರಿಯೆಂದು ಕರೆಯುವರು. ಅಠಾರಾ ಎಂದರೆ ಹಿಂದೂಸ್ತಾನಿ ಭಾಷೆಯಲ್ಲಿ ಹದಿನೆಂಟು. ಕಟ್ಟಡವು ೧೮೬೪ರಲ್ಲಿ ಆರಂಭವಾಗಿ ೧೮೬೮ರಲ್ಲಿ ಮುಗಿಯಿತು. ಹೆಸರಾದರೋ ಅದಕ್ಕಿಂತ ಒಂದೂವರೆ ಶತಮಾನಕ್ಕೂ ಹಿಂದಿನದು. ದೊರೆಗಳು ಬದಲಾದರು, ದಿವಾನರು ಬದಲಾದರು, ಕಮಿಷನರುಗಳು ಬಂದು ಹೋದರು. ಹದಿನೆಂಟು ಇಲಾಖೆಗಳು ಒಡೆದು ಕೂಡಿ ಲೆಕ್ಕಕ್ಕೆ ಸಿಕ್ಕದಷ್ಟಾದುವು. ಆದರೂ ಹೆಸರು ಮಾತ್ರ ಅಳಿಯದೆ ಹೊಸ ಕಟ್ಟಡದ ಮೇಲೆ ಬಂದು ಕುಳಿತಿತು. ಹೆಸರು ಹೀಗೆ ಉಳಿದಂತೆ, ಅದರೊಡನೆ ಕಚೇರಿಯ ನಡೆವಳಿಕೆಯೂ ಎಷ್ಟು ಉಳಿಯಿತು, ಅದನ್ನು ಬದಲಿಸಹೊರಟ ಮುಂದಾಳುಗಳಲ್ಲಿ ಯಾರು ಎಷ್ಟು ಸಾಧಿಸಿದರು ಎಂಬುದು ವಿಚಾರಕ್ಕೆ ಯೋಗ್ಯವಾದ ವಿಷಯ.

ಯಾವ ಸಂಸ್ಥೆಗಾಗಲಿ ಎರಡು ಬಗೆಯ ಆಳ್ವಿಕೆಯುಂಟು. ಒಂದು ಬರಹದಲ್ಲಿರುವ ಕಟ್ಟಳೆ, ಮತ್ತೊಂದು ಬರಹಕ್ಕೆ ಬಾರದ ರೂಢಿ. ಬಂದವನನ್ನು ಎಷ್ಟು ಹೊತ್ತು ಬಾಗಿಲಲ್ಲಿ ನಿಲ್ಲಿಸಬೇಕು, ಯಾರ ಅರ್ಜಿಯನ್ನು ಮೇಲಿಡಬೇಕು, ಮೇಲಿನವರಿಗೆ ಅಪ್ರಿಯವಾದ ಸಂಗತಿಯನ್ನು ತಿಳಿಸಬೇಕೇ ಮರೆಮಾಚಬೇಕೇ ಎಂಬುದನ್ನು ಯಾವ ನಿಬಂಧನೆಯೂ ಹೇಳದು, ರೂಢಿಯು ಹೇಳುವುದು. ಮಠಮಾನ್ಯಗಳ ನಡೆವಳಿಕೆಯನ್ನು ಬಲ್ಲವರಿಗೆ ಇದನ್ನು ವಿಸ್ತರಿಸಬೇಕಾಗಿಲ್ಲ. ಕಟ್ಟಳೆಯನ್ನು ಒಂದು ದಿನದ ನಿರೂಪದಿಂದ ತಿದ್ದಬಹುದು. ರೂಢಿಯನ್ನು ತಿದ್ದಬೇಕಾದರೆ ಅಧಿಕಾರಿಯು ಯಾರಿಗೆ ಉತ್ತರ ಹೇಳಬೇಕು, ಕಚೇರಿಯ ಗಾದಿಯ ಮೇಲೆ ಯಾರು ಕೂಡಬೇಕು ಎಂಬ ಎರಡು ಪ್ರಶ್ನೆಗಳನ್ನು ಎತ್ತಲೇಬೇಕಾಗುವುದು. ಮೈಸೂರಿನ ಮುಂದಾಳುಗಳಲ್ಲಿ ಒಬ್ಬರು ಮೊದಲನೆಯ ಪ್ರಶ್ನೆಯನ್ನೆತ್ತಿದರು. ಎರಡನೆಯದು ಮತ್ತೊಬ್ಬ ಮಹನೀಯರ ಕಾಲದಲ್ಲಿ ತಾನಾಗಿಯೇ ಎದ್ದು ನಿಂತಿತು.

ಹದಿನೆಂಟರ ಮೂಲವನ್ನು ಮೊದಲು ನೋಡಬಹುದು. ಚಿಕ್ಕದೇವರಾಜ ಒಡೆಯರು (೧೬೭೩-೧೭೦೪) ತಮ್ಮ ಆಳ್ವಿಕೆಯ ಕೊನೆಗಾಲದಲ್ಲಿ ಔರಂಗಜೇಬನ ಆಸ್ಥಾನಕ್ಕೆ ರಾಯಭಾರವನ್ನು ಕಳುಹಿಸಿದರು. ಆ ರಾಯಭಾರಿಗಳು ಹಿಂದಿರುಗಿದ ತರುವಾಯ ಅಲ್ಲಿಯ ಮಾದರಿಯನ್ನನುಸರಿಸಿ ರಾಜ್ಯಭಾರವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರೆಂದು ಚರಿತ್ರೆಕಾರರು ಹೇಳುವರು. ನಿರೂಪದ ಚಾವಡಿ, ಸುಂಕದ ಚಾವಡಿ, ಬೇಹಿನ ಚಾವಡಿ, ಬೆಣ್ಣೆ ಚಾವಡಿ ಮೊದಲಾದ ಹೆಸರುಗಳು ಇಂದಿಗೂ ಕಿವಿಗೆ ಇಂಪಾಗಿವೆ. ಅರಮನೆಯ ಹಸುಗಳಿಗಾಗಿ ಇದ್ದ ಬೆಣ್ಣೆ ಚಾವಡಿಯೇ ಮುಂದೆ ಅಮೃತಮಹಲ್ ಇಲಾಖೆಯಾಯಿತು. ಲೆಕ್ಕಪತ್ರಗಳ ಬಿಗಿಯಲ್ಲಿ ಈ ದೊರೆಗಳಿಗೆ ಸಮಾನರಾದವರು ಆ ಕಾಲದ ದಕ್ಷಿಣದಲ್ಲಿ ವಿರಳ. ಆದರೆ ಆ ಬಿಗಿಯ ಇನ್ನೊಂದು ಮುಖವನ್ನು ವೀರಶೈವ ಸಮಾಜವು ಮರೆತಿಲ್ಲ. ಹೊಸ ತೆರಿಗೆಗಳನ್ನು ಪ್ರತಿಭಟಿಸಿದ ರೈತರ ಬೆನ್ನಿಗೆ ನಿಂತರೆಂಬ ಕಾರಣದಿಂದ ಜಂಗಮರನ್ನು ಮೋಸದಿಂದ ಕರೆಸಿ ವಧಿಸಲಾಯಿತೆಂದೂ ಅನೇಕ ಮಠಗಳನ್ನು ನಾಶಗೊಳಿಸಲಾಯಿತೆಂದೂ ವಿಲ್ಕ್ಸ್ ಎಂಬ ಆಂಗ್ಲ ಇತಿಹಾಸಕಾರನು ಬರೆದಿಟ್ಟಿದ್ದಾನೆ. ಆತನ ಕಥನದ ವಿವರಗಳಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅದೇನೇ ಇರಲಿ, ಚಾವಡಿಗಳ ಮುಖವೆಲ್ಲ ಅರಮನೆಯ ಕಡೆಗಿತ್ತು. ಹಳ್ಳಿಯವನು ಅವುಗಳನ್ನು ಬಲ್ಲುದು ಕೊಡಬೇಕಾದ ಹಣದ ಮೂಲಕ ಮಾತ್ರ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ದಿವಾನ್ ಪೂರ್ಣಯ್ಯನವರು ಹೈದರ್ ಟಿಪ್ಪುಗಳ ಕಾಲದ ಆಡಳಿತಯಂತ್ರವನ್ನೇ ಎತ್ತಿ ನಿಲ್ಲಿಸಿ, ಹನ್ನೆರಡು ವರ್ಷಗಳ ಕಾಲ ತಮ್ಮ ಮುಷ್ಟಿಯಲ್ಲಿಟ್ಟು ನಡೆಸಿದರು. ೧೮೧೧ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅಧಿಕಾರವನ್ನು ವಹಿಸಿಕೊಂಡರು. ಕಚೇರಿಗಳು ಅವೇ, ಗುಮಾಸ್ತರು ಅವರೇ. ಆದರೆ ಮುಷ್ಟಿಯು ಸಡಿಲವಾಯಿತು. ಅದರ ಜೊತೆಗೆ ಶರತ್ತು ಎಂಬ ಪದ್ಧತಿಯು ಬೆಳೆಯಿತು. ತನ್ನ ತಾಲ್ಲೂಕಿನಿಂದ ಇಷ್ಟು ಹಣವನ್ನು ಎತ್ತಿಕೊಡುವೆನೆಂದು ಅಮಲ್ದಾರನು ಬರೆದುಕೊಡಬೇಕು. ಕಡಮೆ ಬಿದ್ದರೆ ತನ್ನ ಕೈಯಿಂದ ತುಂಬಬೇಕು. ನೋಡುವುದಕ್ಕೆ ಇದೊಂದು ಸಣ್ಣ ಏರ್ಪಾಡು. ಆದರೆ ಇದರಿಂದ ಅಮಲ್ದಾರನ ಮನೋಧರ್ಮವೇ ಬದಲಾಯಿತು. ರೈತನ ಸಂರಕ್ಷಣೆಗೆಂದು ಇದ್ದವನು ರೈತನನ್ನು ಗುತ್ತಿಗೆ ಹಿಡಿದವನಾದನು. ಮಳೆ ಹೋದ ವರ್ಷದಲ್ಲಿಯೂ ಅವನಿಗೆ ಶರತ್ತು ತಪ್ಪುವಂತಿರಲಿಲ್ಲ.

ಇದರ ಫಲವು ನಗರ ಸೀಮೆಯಲ್ಲಿ ಕಾಣಿಸಿತು. ಕೆಳದಿಯ ಅರಸರು ಆಳಿದ ಆ ನಾಡಿನಲ್ಲಿ ೧೮೩೦ರಲ್ಲಿ ರೈತರು ಕೂಟಗಳನ್ನು ಕಟ್ಟಿಕೊಂಡು ಕಂದಾಯವನ್ನು ಕೊಡುವುದಿಲ್ಲವೆಂದು ನಿಂತರು. ಕೆಳದಿಯ ಸಿಂಹಾಸನಕ್ಕೆ ತಾನು ಹಕ್ಕುದಾರನೆಂದು ಬೂದಿ ಬಸವಪ್ಪನು ಮುಂದೆ ಬಂದನು. ದಂಗೆಯನ್ನು ಅಡಗಿಸುವುದಕ್ಕೆ ಕುಂಪಣಿಯ ಸೇನೆಯು ಬೇಕಾಯಿತು. ಅದನ್ನೇ ನೆವಮಾಡಿಕೊಂಡು ೧೮೩೧ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ರಾಜ್ಯವನ್ನು ತನ್ನ ಕೈಗೆ ತೆಗೆದುಕೊಂಡನು. ತಪ್ಪೆಲ್ಲವನ್ನೂ ಮಹಾರಾಜರ ಮೇಲೆ ಹೊರಿಸಿದ್ದು ಅತಿಯಾಯಿತೆಂದು ಆಮೇಲೆ ವಿಚಾರಣೆ ನಡೆಸಿದ ಸಮಿತಿಯೇ ತೋರಿಸಿಕೊಟ್ಟಿತು. ಆದರೆ ಹೋದ ರಾಜ್ಯವು ಹಿಂದಕ್ಕೆ ಬರಲು ಐವತ್ತು ವರ್ಷಗಳು ಹಿಡಿದುವು.

ಕಮಿಷನ್ನಿನ ಪ್ರಾರಂಭವು ನಗೆಗೀಡಾಗುವಂತಹದು. ಒಂದು ರಾಜ್ಯಕ್ಕೆ ಹಿರಿಯ ಕಮಿಷನರೊಬ್ಬರು, ಕಿರಿಯ ಕಮಿಷನರೊಬ್ಬರು, ಅವರ ಕೆಳಗೆ ದಿವಾನರೊಬ್ಬರು. ಹಿರಿಯರಾದ ಬ್ರಿಗ್ಸ್ ಸಾಹೇಬರಿಗೂ ಕಿರಿಯರಿಗೂ ಹೊಂದಲಿಲ್ಲ. ಎರಡು ತಲೆಯ ಆಡಳಿತವು ಮೂರು ವರ್ಷ ತೆವಳಿತು. ೧೮೩೪ರಲ್ಲಿ ಕಮಿಷನರ ಪದವಿಯೊಂದೇ ಉಳಿಯಿತು. ಅದೇ ವರ್ಷ ಮಾರ್ಕ್ ಕಬ್ಬನ್ ಸಾಹೇಬರು ಅದನ್ನು ವಹಿಸಿಕೊಂಡು, ೧೮೬೧ರವರೆಗೆ, ಅಂದರೆ ಇಪ್ಪತ್ತೇಳು ವರ್ಷಗಳ ಕಾಲ, ಬಿಡದೆ ನಡೆಸಿದರು.

ಕಬ್ಬನ್ನರ ಮಾರ್ಗವು ವಿಚಿತ್ರವಾದುದು. ಬದಲಾವಣೆಗೆಂದೇ ಬಂದ ಸರಕಾರದ ಮುಖ್ಯಸ್ಥರಾಗಿದ್ದೂ ಅವರು ಬದಲಾಯಿಸಿದ್ದು ಅತ್ಯಲ್ಪ. ರಾಜ್ಯವನ್ನು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂಬ ನಾಲ್ಕು ವಿಭಾಗಗಳನ್ನಾಗಿಸಿ ಒಂದೊಂದಕ್ಕೂ ಐರೋಪ್ಯ ಸೂಪರಿಂಟೆಂಡೆಂಟರನ್ನು ನೇಮಿಸಿದರು. ಅವರ ಕೆಳಗೆ ಅಮಲ್ದಾರ, ಶೇಕದಾರ, ಶಾನುಭೋಗ, ಪಟೇಲ ಇವರೆಲ್ಲ ಇದ್ದಂತೆಯೇ ಇದ್ದರು. ಟಪಾಲನ್ನು ಒಯ್ಯುವ ಅಂಚೆಯೂ ದೇಶೀಯವಾಗಿಯೇ ನಡೆಯಿತು. ಆದರೆ ರೈತನನ್ನು ಹಿಂಡುತ್ತಿದ್ದ ಸಣ್ಣಪುಟ್ಟ ತೆರಿಗೆಗಳಲ್ಲಿ ೭೬೯ ಬಾಬುಗಳನ್ನು ಕಿತ್ತುಹಾಕಿದರು. ಬಾಬುಗಳ ಸಂಖ್ಯೆಯೇ ಇಷ್ಟಾದರೆ ಅವುಗಳನ್ನು ವಸೂಲುಮಾಡುವ ಕೈಗಳ ಸಂಖ್ಯೆ ಎಷ್ಟಿದ್ದೀತು! ಮದುವೆಯ ಮನೆಯಿಂದ ಹಿಡಿದು ಸಂತೆಯ ಬಾಗಿಲಿನವರೆಗೆ ಚಾಚಿದ್ದ ಕೈಗಳು ಹಿಂದೆ ಸರಿದುವು. ಸಾಹೇಬರು ಕೈಬಿಟ್ಟುದೇ ಅವರು ಹೊಸದಾಗಿ ಕಟ್ಟಿದ್ದಕ್ಕಿಂತ ದೊಡ್ಡ ಉಪಕಾರವೆನ್ನಬೇಕು.

ಉಳಿದುದೆಲ್ಲ ಹುಜೂರಿನ ಆಳ್ವಿಕೆ. ನಿಬಂಧನೆಗಳ ಪುಸ್ತಕದಲ್ಲಿ ಅವರಿಗೆ ನಂಬಿಕೆಯಿರಲಿಲ್ಲ, ಮನುಷ್ಯರಲ್ಲಿ ನಂಬಿಕೆಯಿತ್ತು. ಬೆಂಗಳೂರು ಕೋಟೆಯಲ್ಲಿ ಟಿಪ್ಪುವಿನ ಅರಮನೆಯೇ ಕಚೇರಿ. ಶಿರಸ್ತೆದಾರನು ದಫ್ತರವನ್ನು ಓದಿ ಹೇಳುವನು, ಸಾಹೇಬರು ಕೇಳಿ ತೀರ್ಪು ಕೊಡುವರು. ಆ ಕಾಲದ ಪ್ರಜೆಗಳು ಅವರನ್ನು ತಂದೆಯ ಸ್ಥಾನದಲ್ಲಿ ಕಂಡುದು ಸಹಜವೇ. ಆದರೆ ತಂದೆಯೊಬ್ಬನ ಕಣ್ಣಿನ ಮೇಲೆ ನಿಂತ ಮನೆಯು ಆ ಕಣ್ಣು ಮಂಜಾದಾಗ ಏನಾಗುವುದೆಂಬುದನ್ನು ಯಾರೂ ಯೋಚಿಸಲಿಲ್ಲ. ಸಾಹೇಬರ ಮುಂದೆ ಓದುವವನು ಏನನ್ನು ಓದುವನೋ ಅದೇ ಸತ್ಯ. ಓದದೆ ಬಿಟ್ಟುದು ನಡೆದೇ ಇಲ್ಲ. ೧೮೫೫ರಲ್ಲಿ ಡಾಲ್‌ಹೌಸಿಯು ಮೈಸೂರಿಗೆ ಬಂದು ಈ ಒಬ್ಬರ ಆಡಳಿತವು ಸಾಲದೆಂದು ಕಂಡು, ಮರುವರ್ಷ ನ್ಯಾಯವಿಚಾರಣೆಗೆ ಪ್ರತ್ಯೇಕ ಕಮಿಷನರನ್ನು ನೇಮಿಸಿದನು. ಕಬ್ಬನ್ನರಿಗೆ ಅದು ರುಚಿಸಲಿಲ್ಲ. ೧೮೬೧ರಲ್ಲಿ ಸ್ವದೇಶಕ್ಕೆ ಹೊರಟ ಆ ವೃದ್ಧರು ದಾರಿಯಲ್ಲಿ ಸುಯೆಜ್ ಪಟ್ಟಣದಲ್ಲಿ ಮಡಿದರು.

ಮುಂದೆ ಬಂದ ಬೌರಿಂಗ್ ಸಾಹೇಬರು (೧೮೬೨-೧೮೭೦) ತದ್ವಿರುದ್ಧವಾದ ಪ್ರಕೃತಿಯವರು. ಮೂರು ವಿಭಾಗ, ಎಂಟು ಜಿಲ್ಲೆ, ಜಿಲ್ಲೆಗೊಬ್ಬ ಡೆಪ್ಯುಟಿ ಕಮಿಷನರು, ೧೮೬೩ರಿಂದ ಭೂಮಿಯ ಮೋಜಣಿ, ಬ್ರಿಟಿಷ್ ಇಂಡಿಯಾದ ಕಾಯಿದೆಗಳು, ಅಚ್ಚಾದ ನಮೂನೆಗಳು ಎಲ್ಲವೂ ಕೆಲವೇ ವರ್ಷಗಳಲ್ಲಿ ಬಂದುವು. ಅಠಾರಾ ಕಚೇರಿಯ ಭವನವು ಎದ್ದುದೂ ಆಗಲೇ. ಹುಜೂರಿನ ದಯೆಯ ಬದಲು ನಿಯಮ ಬಂದುದು ದೊಡ್ಡ ಲಾಭ, ಅದನ್ನು ಅಲ್ಲಗಳೆಯಲಾಗದು. ಆದರೆ ಆ ನಿಯಮವು ರೈತನಿಗೆ ತಿಳಿಯದ ಇಂಗ್ಲಿಷಿನಲ್ಲಿತ್ತು, ಅದನ್ನು ನಡೆಸುವ ಐರೋಪ್ಯರ ಸಂಬಳವು ಸಂಸ್ಥಾನದ ಬೊಕ್ಕಸಕ್ಕೆ ಭಾರವಾಗಿತ್ತು. ಇನ್ನೂ ಒಂದು ಮಾತುಂಟು. ಹಳೆಯ ಅಮಲ್ದಾರನು ಹುಜೂರಿನ ಮುಖವನ್ನು ನೋಡಿ ನಡೆಯುತ್ತಿದ್ದನು. ಹೊಸ ಅಮಲ್ದಾರನು ನಮೂನೆಯ ಅಂಕಣಗಳನ್ನು ನೋಡಿ ನಡೆದನು. ಅಂಕಣಗಳು ತುಂಬಿದ್ದರೆ ಮೇಲಿನವರಿಗೆ ತೃಪ್ತಿ.

ಈ ಎರಡು ಬಗೆಯ ರೂಢಿಗಳಿಗೂ ಘೋರವಾದ ಪರೀಕ್ಷೆಯು ೧೮೭೬-೭೮ರ ಕ್ಷಾಮದಲ್ಲಿ ಬಂದಿತು. ಸತತವಾಗಿ ಮಳೆ ಕೈಕೊಟ್ಟಿತು. ಕೆರೆಗಳು ಬತ್ತಿದುವು, ದನಗಳು ಸತ್ತುವು, ಜನರು ಬೆಂಗಳೂರಿನ ಕಡೆಗೆ ನಡೆದು ದಾರಿಯಲ್ಲಿಯೇ ಬಿದ್ದರು. ಪರಿಹಾರದ ಕೆಲಸವು ಕ್ರಮಕ್ಕೆ ಬರುವಷ್ಟರಲ್ಲಿ ಕಾಲವು ಮಿಂಚಿಹೋಗಿತ್ತು. ೧೮೭೭ರ ಸೆಪ್ಟೆಂಬರಿನಲ್ಲಿ ವೈಸರಾಯ್ ಲಿಟ್ಟನ್ ಪ್ರಭುವು ತಾನೇ ಬಂದು ನೋಡಿ, ಎಲಿಯಟ್ ಎಂಬ ಅಧಿಕಾರಿಯನ್ನು ಕ್ಷಾಮದ ಕಮಿಷನರನ್ನಾಗಿ ನೇಮಿಸಿದ ಮೇಲೆ ವ್ಯವಸ್ಥೆಯು ಒಂದು ಹದಕ್ಕೆ ಬಂದಿತು. ೧೮೭೧ರ ಖಾನೇಷುಮಾರಿಯಲ್ಲಿ ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨. ೧೮೮೧ರಲ್ಲಿ ಅದು ೪೧,೮೬,೧೮೮. ಬೆಳೆಯಬೇಕಾಗಿದ್ದ ನಾಡಿನಲ್ಲಿ ಎಂಟೂವರೆ ಲಕ್ಷಕ್ಕೂ ಮೇಲ್ಪಟ್ಟು ಜನರ ಕೊರತೆ! ಆಡಳಿತದ ಕಟ್ಟಳೆಗಳು ಅಷ್ಟು ಹೊತ್ತಿಗೆ ಹಿಂದೆಂದಿಗಿಂತಲೂ ಅಚ್ಚುಕಟ್ಟಾಗಿದ್ದುವೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಈ ಹಾಳುಬಿದ್ದ ಮನೆಯ ಕೀಲಿಕೈಯು ೧೮೮೧ರ ಮಾರ್ಚಿ ೨೫ರಂದು ಚಾಮರಾಜೇಂದ್ರ ಒಡೆಯರ ಕೈಗೆ ಬಂದಿತು. ದಿವಾನರಾದವರು ಸಿ. ರಂಗಾಚಾರ್ಲು ಅವರು. ಚೆಂಗಲಪೇಟೆಯ ಸೀಮೆಯಲ್ಲಿ ೧೮೩೧ರಲ್ಲಿ, ಎಂದರೆ ಮೈಸೂರು ಕೈಬಿಟ್ಟ ವರ್ಷದಲ್ಲಿಯೇ, ಜನಿಸಿದವರು. ಮದರಾಸಿನ ಸರಕಾರದಲ್ಲಿ ಕೆಲಸಮಾಡಿ ೧೮೬೮ರಲ್ಲಿ ಅರಮನೆಯ ಲೆಕ್ಕಪತ್ರಗಳನ್ನು ಸರಿಪಡಿಸಲು ಮೈಸೂರಿಗೆ ಬಂದವರು. ಐರೋಪ್ಯ ಅಧಿಕಾರಿಗಳ ದುಬಾರಿ ಆಡಳಿತವನ್ನು ಖಂಡಿಸಿ ೧೮೭೪ರಲ್ಲಿ ಒಂದು ಇಂಗ್ಲಿಷ್ ಪುಸ್ತಿಕೆಯನ್ನು ಬರೆದು ಪ್ರಕಟಿಸಿದ ಧೈರ್ಯಶಾಲಿಗಳು. ಇಂತಹವರಿಗೆ ದೊರೆತುದು ಕ್ಷಾಮದ ೮೦ ಲಕ್ಷ ರೂಪಾಯಿ ಸಾಲ, ಬ್ರಿಟಿಷರಿಗೆ ವರ್ಷಂಪ್ರತಿ ಕೊಡಬೇಕಾದ ಇಪ್ಪತ್ತನಾಲ್ಕೂವರೆ ಲಕ್ಷದ ಪೊಗದಿ, ಅದನ್ನು ಮುಂದೆ ೩೫ ಲಕ್ಷಕ್ಕೆ ಏರಿಸುವೆವೆಂಬ ಕರಾರು.

ಅವರು ಮೊದಲು ಮಾಡಿದ ಕೆಲಸವು ಕಠಿನವಾದುದು. ಹುದ್ದೆಗಳನ್ನು ಕತ್ತರಿಸಿದರು; ಕಚೇರಿಗಳನ್ನು ಕೂಡಿಸಿದರು; ಎಂಟು ಜಿಲ್ಲೆಗಳಲ್ಲಿ ಹಾಸನ ಚಿತ್ರದುರ್ಗಗಳೆರಡನ್ನು ಉಪವಿಭಾಗಗಳನ್ನಾಗಿ ಇಳಿಸಿ ಆರನ್ನು ಉಳಿಸಿದರು. ಖರ್ಚೇನೋ ತಗ್ಗಿತು. ಆದರೆ ಆ ಎರಡು ಸೀಮೆಗಳ ಜನರು ಸಣ್ಣ ವ್ಯವಹಾರಕ್ಕೂ ದೂರದೂರಿಗೆ ಅಲೆಯಬೇಕಾಯಿತು. ೧೮೮೬ರಲ್ಲಿ, ಅವರು ತೀರಿಕೊಂಡ ಮೂರು ವರ್ಷಗಳಿಗೆ, ಎರಡು ಜಿಲ್ಲೆಗಳನ್ನೂ ಮತ್ತೆ ಸ್ಥಾಪಿಸಬೇಕಾಗಿ ಬಂದಿತು. ರಂಗಾಚಾರ್ಲು ಅವರ ಕೀರ್ತಿಯನ್ನು ಹೊಗಳುವವರು ಸಾಮಾನ್ಯವಾಗಿ ಈ ಸಂಗತಿಯನ್ನು ಹೇಳದೆ ಬಿಡುವರು. ನಕ್ಷೆಯ ಮೇಲೆ ಗೆರೆಯನ್ನು ಅಳಿಸುವುದು ಬಲು ಸುಲಭವೆಂದು ಅವರಂತಹ ಬುದ್ಧಿಶಾಲಿಗಳಿಗೂ ತೋರಿತು.

ಎರಡನೆಯ ಕೆಲಸವೇ ಅವರ ನಿಜವಾದ ಸಾಧನೆ. ೧೮೮೧ರ ಆಗಸ್ಟ್ ೨೫ರಂದು ಒಂದು ಆಜ್ಞೆಯು ಹೊರಟಿತು. ಪ್ರತಿ ತಾಲ್ಲೂಕಿನಿಂದ ತಿಳಿವಳಿಕೆಯೂ ವರ್ಚಸ್ಸೂ ಉಳ್ಳ ಒಬ್ಬಿಬ್ಬರು ಸಾಗುವಳಿದಾರರನ್ನೂ, ಜಿಲ್ಲೆಯಿಂದ ಮೂರು ನಾಲ್ಕು ಮಂದಿ ಪ್ರಮುಖ ವರ್ತಕರನ್ನೂ ಆರಿಸಿ ದಸರೆಯ ಕಾಲಕ್ಕೆ ಮೈಸೂರಿಗೆ ಕಳುಹಿಸತಕ್ಕದ್ದು. ಅವರಿಗೆ ಸರಕಾರದ ಹಿಂದಿನ ವರ್ಷದ ಆದಾಯ ವ್ಯಯಗಳನ್ನೂ ಮುಂದಿನ ವರ್ಷದ ಉದ್ದೇಶಗಳನ್ನೂ ತಿಳಿಸಲಾಗುವುದು. ಅವರು ತಮ್ಮ ಕಷ್ಟಸುಖಗಳನ್ನು ಹೇಳಿಕೊಳ್ಳಬಹುದು. ಅಕ್ಟೋಬರ್ ೭ರಂದು ೧೪೪ ಮಂದಿ ಸೇರಿದರು. ಪ್ರಜಾಪ್ರತಿನಿಧಿ ಸಭೆಯು ಹೀಗೆ ಹುಟ್ಟಿತು. ದೇಶೀಯ ಸಂಸ್ಥಾನಗಳಲ್ಲಿ ಇದೇ ಪ್ರಥಮ.

ಆ ಸಭೆಗೆ ಕಾಯಿದೆಯನ್ನು ಮಾಡುವ ಅಧಿಕಾರವಿರಲಿಲ್ಲ, ಹಣವನ್ನು ತಡೆಯುವ ಅಧಿಕಾರವಿರಲಿಲ್ಲ. ಸದಸ್ಯರನ್ನು ಪ್ರಜೆಗಳು ಚುನಾಯಿಸಿಯೂ ಇರಲಿಲ್ಲ. ಆದುದರಿಂದ ಇದು ದಸರೆಯ ಬೊಂಬೆಗಳ ಸಾಲಿಗೆ ಇನ್ನೊಂದು ಎಂದು ಹಾಸ್ಯಮಾಡುವುದು ಕಷ್ಟವೇನಲ್ಲ. ಆದರೆ ಸಭೆಯ ಏರ್ಪಾಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಂಸ್ಥಾನದ ಮುಖ್ಯಾಧಿಕಾರಿಗಳು ಕುಳಿತಿರುವರು. ದಿವಾನರು ಲೆಕ್ಕವನ್ನು ಓದುವರು. ಅನಂತರ ಯಾವುದೋ ತಾಲ್ಲೂಕಿನ ರೈತನೊಬ್ಬನು ರುಮಾಲನ್ನು ಸರಿಪಡಿಸಿಕೊಂಡು ಎದ್ದುನಿಂತು ತನ್ನೂರಿನ ಕೆರೆಯ ಕೋಡಿಯು ಒಡೆದಿರುವುದನ್ನೋ, ಅರಣ್ಯದವರು ದನಗಳನ್ನು ಹಿಡಿದು ಕಟ್ಟುವುದನ್ನೋ ಕನ್ನಡದಲ್ಲಿ ಹೇಳುವನು. ಅದುವರೆಗೆ ಆ ದೂರು ಶಾನುಭೋಗ, ಶೇಕದಾರ, ಅಮಲ್ದಾರರೆಂಬ ಮೆಟ್ಟಲುಗಳನ್ನು ಹತ್ತಿ ಬರಬೇಕಾಗಿತ್ತು. ಯಾರ ಮೇಲೆ ದೂರೋ ಅವರ ಕೈಯಿಂದಲೇ ಹಾದು ಬರಬೇಕಾಗಿತ್ತು. ಈಗ ಅದು ಒಂದೇ ಸಲಕ್ಕೆ ದಿವಾನರ ಕಿವಿಯನ್ನು ತಲುಪಿತು. ಜಿಲ್ಲೆಯ ಅಧಿಕಾರಿಯು ಮುಂದಿನ ದಸರೆಯಲ್ಲಿ ತನ್ನ ಜಿಲ್ಲೆಯವನು ಏನು ಹೇಳುವನೋ ಎಂದು ವರ್ಷವೆಲ್ಲ ನೆನೆಯಬೇಕಾಯಿತು.

ಕಚೇರಿಯ ರೂಢಿಯನ್ನು ಮುಟ್ಟಿದ್ದು ಇದು. ರಂಗಾಚಾರ್ಲು ಅವರು ಅಮಲ್ದಾರರಿಗೆ ಸೌಜನ್ಯವನ್ನು ಬೋಧಿಸಿ ಸುತ್ತೋಲೆ ಕಳುಹಿಸಿ ಕೂಡಬಹುದಾಗಿತ್ತು. ಹಾಗೆ ಮಾಡದೆ, ಅಧಿಕಾರಿಯು ಮೇಲಕ್ಕೆ ಮಾತ್ರವಲ್ಲದೆ ಕೆಳಕ್ಕೂ ಉತ್ತರ ಹೇಳುವಂತಹ ಒಂದು ದಿನವನ್ನು ವರ್ಷದ ಪಂಚಾಂಗದಲ್ಲಿ ಗೊತ್ತುಮಾಡಿದರು. ಅದನ್ನು ದಸರೆಯ ಹೊತ್ತಿಗೇ ಇಟ್ಟುದರಲ್ಲಿಯೂ ಜಾಣ್ಮೆಯಿದೆ. ಒಡೆಯರ ದರ್ಶನಕ್ಕೆಂದು ಜನರು ಹೇಗೂ ಬರುವ ಕಾಲವದು. ಹಳೆಯ ಸಂಭ್ರಮದ ಮಡಿಲಲ್ಲಿ ಹೊಸದನ್ನು ಮಲಗಿಸಿದುದರಿಂದ ಯಾರಿಗೂ ಅದು ಪರಕೀಯವೆನ್ನಿಸಲಿಲ್ಲ. ೧೮೮೩ರ ಜನವರಿಯಲ್ಲಿ ಅವರು ತೀರಿಹೋದರು. ದಿವಾನಗಿರಿಯು ಎರಡು ವರ್ಷವೂ ತುಂಬಿರಲಿಲ್ಲ. ಅವರು ಹುಟ್ಟಿಸಿದ ಸಭೆಯಾದರೋ ೧೮೯೧ರಲ್ಲಿ ಚುನಾವಣೆಯನ್ನೂ, ೧೯೨೩ರಲ್ಲಿ ಶಾಸನದ ಆಧಾರವನ್ನೂ ಪಡೆದು, ೧೯೪೯ರವರೆಗೆ ಬಾಳಿತು.

ಅವರ ಬಳಿಕ ಬಂದ ಶೇಷಾದ್ರಿ ಅಯ್ಯರವರು ಹದಿನೆಂಟು ವರ್ಷ ಆಳಿದರು. ಮಾರಿಕಣಿವೆಯ ಅಣೆಕಟ್ಟಿನ ಪ್ರಾರಂಭ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ೧೯೦೨ರಲ್ಲಿ ಹರಿದ ವಿದ್ಯುತ್ತು, ಇವೆಲ್ಲ ಸರ್ವವಿದಿತ. ೧೮೯೧ರಿಂದ ಮೈಸೂರು ಸಿವಿಲ್ ಸರ್ವೀಸಿಗೆ ಪರೀಕ್ಷೆಯ ಮೂಲಕ ಆಯ್ಕೆಯು ನಡೆಯಿತು. ಪರೀಕ್ಷೆಯಿಂದ ಕಚೇರಿಯ ಬುದ್ಧಿಯು ಹರಿತವಾಯಿತು. ಆದರೆ ಅದರಲ್ಲಿ ತೇರ್ಗಡೆಯಾಗತಕ್ಕ ಇಂಗ್ಲಿಷ್ ವಿದ್ಯೆಯು ಆಗ ಬಹುಮಟ್ಟಿಗೆ ಒಂದೇ ಸಮುದಾಯದ ಕೈಯಲ್ಲಿತ್ತು. ಮದರಾಸಿನಿಂದ ಬಂದವರು ಹೆಚ್ಚಾದರೆಂದು ಮೈಸೂರಿನವರು ಗೊಣಗಿದರು. ಆ ಜಗಳದ ಸದ್ದಿನಲ್ಲಿ, ಮದರಾಸಿನವರೂ ಅಲ್ಲದ, ಪರೀಕ್ಷೆಯ ಮಂಟಪಕ್ಕೂ ಬಾರದ ನಾಡಿನ ಬಹುಜನರ ವಿಚಾರವನ್ನು ಯಾರೂ ಕೇಳಲಿಲ್ಲ.

೧೯೧೨ರ ನವೆಂಬರಿನಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ದಿವಾನರಾದರು. ಕಚೇರಿಯ ನಡತೆಯನ್ನು ತಿದ್ದುವುದರಲ್ಲಿ ಇವರಷ್ಟು ಶ್ರಮಪಟ್ಟವರು ಬೇರೊಬ್ಬರಿಲ್ಲ. ವೇಳೆಗೆ ಸರಿಯಾಗಿ ಕೆಲಸ, ಕೆಲಸಕ್ಕೆ ಮೊದಲೇ ಗೊತ್ತಾದ ಅವಧಿ, ಅವಧಿ ಮೀರಿದರೆ ಕಾರಣ. ಲೆಕ್ಕದ ತನಿಖೆಯಿರುವಂತೆ ದಕ್ಷತೆಗೂ ಒಂದು ತನಿಖೆಯನ್ನು ಏರ್ಪಡಿಸಿ, ಕಚೇರಿಗಳ ಕೆಲಸವನ್ನು ಪರೀಕ್ಷಿಸಲು ಅಧಿಕಾರಿಗಳನ್ನು ಕಳುಹಿಸಿದರು. ೧೯೧೧ರಲ್ಲಿಯೇ ಸ್ಥಾಪಿತವಾಗಿದ್ದ ಸಂಪದಭ್ಯುದಯ ಸಮಾಜದಲ್ಲಿ ಅಧಿಕಾರಿಗಳನ್ನೂ ವರ್ತಕರನ್ನೂ ವಿದ್ವಾಂಸರನ್ನೂ ಒಂದೇ ಮೇಜಿನ ಸುತ್ತ ಕೂಡಿಸಿದರು. ೧೯೧೫ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಆ ಸಮಾಜದ ಆಲೋಚನೆಯ ಫಲ. ೧೯೧೩ರಲ್ಲಿ ಮೈಸೂರು ಬ್ಯಾಂಕು, ೧೯೧೬ರಲ್ಲಿ ವಿಶ್ವವಿದ್ಯಾನಿಲಯ. ಪ್ರಜಾಪ್ರತಿನಿಧಿ ಸಭೆಗೆ ವರ್ಷದಲ್ಲಿ ಎರಡನೆಯ ಅಧಿವೇಶನವು ದೊರೆತುದೂ ೧೯೧೭ರಲ್ಲಿ, ಇವರ ಕಾಲದಲ್ಲಿಯೇ.

ಇಷ್ಟಾದರೂ ಇವರ ದಿವಾನಗಿರಿಯು ಮುಗಿದುದು ಕಚೇರಿಯ ಪ್ರಶ್ನೆಯ ಮೇಲೆಯೇ. ೧೯೧೭ರಲ್ಲಿ ವೀರಶೈವರು, ಒಕ್ಕಲಿಗರು, ಮುಸಲ್ಮಾನರು ಮೊದಲಾದ ಸಮಾಜಗಳ ಮುಖಂಡರು ಪ್ರಜಾಮಿತ್ರ ಮಂಡಲಿಯನ್ನು ಕಟ್ಟಿದರು. ಸಿ. ಆರ್. ರೆಡ್ಡಿಯವರಂತಹ ವಿದ್ವಾಂಸರ ಬೆಂಬಲವು ಅದಕ್ಕಿತ್ತು. ಅವರ ವಾದವು ಸರಳವಾದುದು. ಕಂದಾಯವನ್ನು ಕೊಡುವವರು ತಾವು. ಸಂಸ್ಥಾನದ ಜನಸಂಖ್ಯೆಯಲ್ಲಿ ಬಹುಭಾಗ ತಾವು. ಆದರೆ ಕಚೇರಿಯ ಮೇಜುಗಳ ಹಿಂದೆ ತಮ್ಮವರು ಬೆರಳೆಣಿಕೆಗೆ ಮಾತ್ರ. ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟರು ವೀರಶೈವರಾಗಿದ್ದು ಕೌನ್ಸಿಲಿನ ಸದಸ್ಯತ್ವದವರೆಗೆ ಏರಿದ್ದುದು ನಿಜ. ಆದರೆ ಒಬ್ಬರ ಏಳಿಗೆಯನ್ನು ತೋರಿಸಿ ಬಾಗಿಲು ತೆರೆದಿದೆ ಎನ್ನುವುದು, ಒಂದು ಮಾವಿನ ಮರವನ್ನು ತೋರಿಸಿ ತೋಪು ಎಂದಂತೆ. ಮಂಡಲಿಯ ನಿಯೋಗವು ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡಿತು. ಮಹಾರಾಜರು ೧೯೧೮ರಲ್ಲಿ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು.

ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಿಂದುಳಿದವರಿಗೆ ವಿದ್ಯೆಯನ್ನು ಕೊಡಬೇಕು, ವಿದ್ಯಾರ್ಥಿವೇತನವನ್ನು ಕೊಡಬೇಕು. ಹುದ್ದೆಯನ್ನು ಮಾತ್ರ ಯೋಗ್ಯತೆಯಿಂದಲೇ ಕೊಡಬೇಕು, ಇಲ್ಲವಾದರೆ ಆಡಳಿತದ ದಕ್ಷತೆಯು ಕೆಡುವುದೆಂಬುದು ಅವರ ದೃಢವಾದ ಅಭಿಪ್ರಾಯ. ಅದು ಸ್ವಾರ್ಥದ ಮಾತಾಗಿರಲಿಲ್ಲ. ೧೯೧೩ರಲ್ಲಿ ಕಡ್ಡಾಯ ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯನ್ನು ತಂದವರು ಅವರೇ. ತಾವು ನಂಬಿದುದಕ್ಕಾಗಿ ಅತ್ಯುನ್ನತ ಪದವಿಯನ್ನೂ ಬಿಟ್ಟುಕೊಟ್ಟರು. ೧೯೧೮ರ ಡಿಸೆಂಬರಿನಲ್ಲಿ ಅಧಿಕಾರದಿಂದ ಬಿಡುಗಡೆ ಹೊಂದಿದರು. ಆದರೆ ದಕ್ಷತೆ ಎಂದರೇನು ಎಂಬುದರಲ್ಲಿಯೇ ಎರಡು ಪಕ್ಷಗಳಿಗೂ ಭೇದವಿತ್ತು. ದಿವಾನರು ಅದನ್ನು ಮುಗಿದ ಕೆಲಸದಿಂದ ಅಳೆದರು. ಮಂಡಲಿಯವರು ಅದನ್ನು ಅರ್ಜಿ ಹಿಡಿದು ಬಾಗಿಲಲ್ಲಿ ನಿಂತವನ ಅನುಭವದಿಂದ ಅಳೆದರು. ತನ್ನ ಮಾತನ್ನೂ ತನ್ನ ಮನೆಯ ರೀತಿಯನ್ನೂ ಬಲ್ಲ ಒಂದು ಮುಖವು ಕಚೇರಿಯಲ್ಲಿ ಇದ್ದರೆ ರೈತನಿಗೆ ಆಗುವ ಧೈರ್ಯವು ತನಿಖೆಯ ವರದಿಯ ಅಂಕಣಕ್ಕೆ ಸೇರುವಂತಹುದಲ್ಲ. ಅಷ್ಟು ಸೂಕ್ಷ್ಮವಾಗಿ ಎಲ್ಲವನ್ನೂ ಅಳೆದ ಆ ಮಹಾಪುರುಷರ ಅಳತೆಗೋಲಿಗೆ ಇದೊಂದು ಸಿಕ್ಕಲಿಲ್ಲ.

ಮಿಲ್ಲರ್ ಸಮಿತಿಯು ೧೯೧೯ರಲ್ಲಿ ವರದಿಯನ್ನೊಪ್ಪಿಸಿತು. ಬ್ರಾಹ್ಮಣರು, ಐರೋಪ್ಯರು, ಆಂಗ್ಲೋ ಇಂಡಿಯನ್ನರು ಇವರನ್ನು ಬಿಟ್ಟು ಮಿಕ್ಕವರೆಲ್ಲರನ್ನೂ ಹಿಂದುಳಿದ ಸಮುದಾಯಗಳೆಂದು ಭಾವಿಸಿ, ಏಳು ವರ್ಷಗಳೊಳಗಾಗಿ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ, ಕೆಳದರ್ಜೆಯ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಅವರಿಗೆ ದೊರೆಯಬೇಕೆಂದು ಸೂಚಿಸಿತು. ಕಾಂತರಾಜ ಅರಸಿನವರು ದಿವಾನರಾಗಿದ್ದಾಗ, ೧೯೨೧ರಲ್ಲಿ, ಸರಕಾರವು ಆ ಬಗ್ಗೆ ಆಜ್ಞೆಯನ್ನು ಹೊರಡಿಸಿತು. ಸಾಮಾಜಿಕವಾಗಿ ಹಿಂದುಳಿದವರಲ್ಲಿಯೂ ಅತ್ಯಂತ ಕೆಳಗೆ ತಳ್ಳಲ್ಪಟ್ಟಿದ್ದವರನ್ನು ಅದೇ ಒಂದು ಪಟ್ಟಿಯಲ್ಲಿ ಸೇರಿಸಿದುದು ಆ ಆಜ್ಞೆಯ ದೊಡ್ಡ ಕೊರತೆ. ಬಲವುಳ್ಳ ಸಮಾಜಗಳು ಮೊದಲು ಒಳಗೆ ಬಂದುವು, ದುರ್ಬಲರು ಹೊರಗೇ ನಿಂತರು. ವೀರಶೈವರಿಗೆ ಅದರಿಂದ ಅನುಕೂಲವಾಯಿತೆಂಬ ಕಾರಣಕ್ಕೆ ಈ ಮಾತನ್ನು ಹೇಳದೆ ಬಿಡುವುದು ಸರಿಯಲ್ಲ.

ಆಜ್ಞೆಯು ಬಂದಿತು, ಹುದ್ದೆಗೆ ಬೇಕಾದ ಕನಿಷ್ಠ ವಿದ್ಯೆಯನ್ನು ಅದು ಕೈಬಿಟ್ಟಿರಲಿಲ್ಲ. ಹಳ್ಳಿಯ ಹುಡುಗನು ಬೆಂಗಳೂರಿಗೋ ಮೈಸೂರಿಗೋ ಬಂದು ಓದಬೇಕು, ಓದುವ ವರ್ಷಗಳಲ್ಲಿ ಅವನಿಗೆ ಎಲ್ಲಿಯೋ ಊಟ ದೊರೆಯಬೇಕು, ತಲೆಯ ಮೇಲೊಂದು ಸೂರು ಬೇಕು. ಇದನ್ನು ಅಠಾರಾ ಕಚೇರಿಯು ಒದಗಿಸಲಿಲ್ಲ. ಒದಗಿಸಿದವರಲ್ಲಿ ಒಬ್ಬರು ಗುಬ್ಬಿಯ ತೋಟದಪ್ಪನವರು. ವ್ಯಾಪಾರದಿಂದ ಗಳಿಸಿದ ತಮ್ಮ ಸಂಪತ್ತನ್ನು ಧರ್ಮಕ್ಕೆ ಮುಡಿಪಾಗಿಟ್ಟು ೧೯೦೩ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರವನ್ನು ಕಟ್ಟಿಸಿದರು. ವಿದ್ಯಾರ್ಥಿಗಳಿಗೂ ಅಲ್ಲಿ ಆಶ್ರಯವಾಯಿತು. ಆ ಧರ್ಮದ ಆಡಳಿತವನ್ನು ಪುಟ್ಟಣ್ಣ ಚೆಟ್ಟರ ಕೈಗೆ ಒಪ್ಪಿಸಿದರು. ಮಂಡಲಿಯು ಹುಟ್ಟುವುದಕ್ಕೆ ಏಳು ವರ್ಷ ಮೊದಲು, ೧೯೧೦ರಲ್ಲಿ, ಅವರು ಲಿಂಗೈಕ್ಯರಾದರು. ಆದರೆ ೧೯೨೧ರ ತರುವಾಯ ತುಮಕೂರು, ಶಿವಮೊಗ್ಗಗಳ ಕಡೆಯ ರೈಲಿನಿಂದ ಟ್ರಂಕನ್ನು ಹೊತ್ತು ಇಳಿದ ಹುಡುಗರಿಗೆ ನಿಲ್ದಾಣದ ಎದುರಿಗೇ ಇಳಿದುಕೊಳ್ಳಲು ಒಂದು ಜಾಗವಿತ್ತು. ಅಲ್ಲಿಂದ ಅಠಾರಾ ಕಚೇರಿಗೆ ಎರಡು ಮೈಲಿಯ ದಾರಿ.